ತಾಟು ಹಿಡಿಸುವ ಗೂಡು

ನಮ್ಮ ಮನೆಯಲ್ಲಿ ಗಂಡಸರು ತಾಟು ತೊಳೆಯುತ್ತಿದ್ದರು. ಹತ್ತಿಮತ್ತೂರಿನಂಥ ಊರಿನಲ್ಲಿ ಆ ಕಾಲಕ್ಕೆ ಇದು ಸಣ್ಣ ಸುದ್ದಿಯಲ್ಲ. ಉಂಡ ತಾಟಿನಲ್ಲೇ ಕೈ ತೊಳೆದು, ಮೀಸೆ ಒರೆಸಿಕೊಂಡು ಕಟ್ಟೆಗೆ ಎದ್ದು ಹೋಗುವುದು ಅಲ್ಲಿಯ ಗಂಡಸರಿಗೆ ಹುಟ್ಟಿನಿಂದಲೇ ಬಂದ ಹಕ್ಕು. ಅಂಥದ್ದರಲ್ಲಿ ನಮ್ಮ ದೊಡ್ಡಪ್ಪ ಫಕ್ಕೀರಪ್ಪ, ನಾಲ್ಕು ಜನರ ಜಗಳ ಬಗೆಹರಿಸುವ ದೊಡ್ಡ ಮನುಷ್ಯ, ಧೋತರವನ್ನು ಮೊಣಕಾಲ ಮೇಲೆ ಸಿಗಿಸಿಕೊಂಡು, ಬಚ್ಚಲಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಬೂದಿ ಹಚ್ಚಿ ತಾಟು ತಿಕ್ಕುತ್ತಿದ್ದ. ಓಣಿಯ ಹೆಂಗಸರು ಹೆಪ್ಪಿಗೆ ಮಜ್ಜಿಗೆ ಬೇಕು, ಒಲೆಗೆ ಕೆಂಡ ಬೇಕು ಎಂದು ಏನಾದರೊಂದು ನೆಪ ಮಾಡಿಕೊಂಡು ಬಂದು ಈ ದೃಶ್ಯವನ್ನು ಕಣ್ತುಂಬ ನೋಡಿ ಹೋಗುತ್ತಿದ್ದರು. ಯಾರಾದರೂ ಬಾಯಿ ಬಿಟ್ಟು ಕಾರಣ ಕೇಳಿದರೆ ದೊಡ್ಡವ್ವ ನೀಲವ್ವ ಮುಖ ಸಡಿಲಿಸದೆ ಹೇಳುತ್ತಿದ್ದಳು:

"ಸೂರ್ಯ ಪಶ್ಚಿಮಕ್ಕ ಹುಟ್ಟಂಗಿಲ್ಲ ಅಂದ್ರು. ಸೋತ್ರು. ತೊಳ್ಯಾಕತ್ತಾರ."

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಮ್ಮಪ್ಪ ಬಸವಣ್ಣೆಪ್ಪನಿಗೂ ಅವನ ಅಣ್ಣನಾದ ದೊಡ್ಡಪ್ಪನಿಗೂ ಜಗತ್ತಿನ ವಿಚಿತ್ರ ಸಂಗತಿಗಳ ಹುಚ್ಚು. ಒಬ್ಬರಿಗೆ ಚಹಾದ ಚಟ, ಒಬ್ಬರಿಗೆ ಎಲೆಅಡಿಕೆಯ ಚಟ ಇರುವ ಹಾಗೆ ಇವರಿಬ್ಬರಿಗೆ ಸಾಮಾನ್ಯಜ್ಞಾನದ ಚಟ. ಅಪ್ಪ ಮನೆಯ ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ. ಜೋಳ ಬೀಸಿಸಲು ಬಂದವರು ಸರದಿ ಕಾಯುತ್ತ ಕೂತರೆ, ಆಕ್ಟೋಪಸ್ ಎಂಬ ಸಮುದ್ರದ ಪ್ರಾಣಿಗೆ ಹೃದಯ ಎಷ್ಟು ಎಂದು ಗಿರಣಿಯ ಪಟ್ಟೆಯ ಸಪ್ಪಳದ ನಡುವೆ ಕೂಗಿ ಕೇಳುತ್ತಿದ್ದ. ಮೂರು ಎಂದು ಅವನೇ ಕೂಗಿ ಉತ್ತರವನ್ನೂ ಹೇಳುತ್ತಿದ್ದ. ದೊಡ್ಡಪ್ಪ ಹೊಲ ನೋಡಿಕೊಳ್ಳುತ್ತಿದ್ದ. ಸವಣೂರಿನ ಸಂತೆಗೆ ಹೋದರೆ ಅಲ್ಲಿಯ ದೊಡ್ಡ ಹುಣಸೆಮರಗಳ ಬುಡದಲ್ಲಿ ನಿಂತು, ಇದು ಹುಣಸೆಯೇ ಅಲ್ಲ, ಆಫ್ರಿಕಾ ಖಂಡದ ಮರ, ಯಾರೋ ಎಂದೋ ತಂದು ಹಚ್ಚಿದ್ದಾರೆ ಎಂದು ಹೋಗಿಬರುವವರಿಗೆಲ್ಲ ತಿಳಿಸಿ ಬರುತ್ತಿದ್ದ. ಸಂತೆಯಿಂದ ಬೆಲ್ಲ ತರುವುದು ಮರೆತಿರುತ್ತಿತ್ತು.

ಸಂಜೆಯ ಊಟಕ್ಕೆ ಕೂತಾಗ ಇಬ್ಬರ ಕಡೆಯಿಂದಲೂ ಒಂದೊಂದು ಸಂಗತಿ ಹೊರಬೀಳಬೇಕು. ಎದುರಿನವನಿಗೆ ನಂಬಿಕೆ ಬರದಿದ್ದರೆ "ಸುಳ್ಳು" ಎನ್ನಬೇಕು. ಹೇಳಿದ್ದು ಖರೇ ಇದ್ದರೆ ಸುಳ್ಳು ಎಂದವನು ಅಂದಿನ ತಾಟು ತೊಳೆಯಬೇಕು, ಹೇಳಿದ್ದೇ ಸುಳ್ಳಾಗಿದ್ದರೆ ಹೇಳಿದವನು. ಯಾರೂ ಸುಳ್ಳು ಎನ್ನದಿದ್ದರೆ ಎಂದಿನಂತೆ ಹೆಂಗಸರು. ನಿರ್ಣಯಕ್ಕೆ ಶಾಲೆಯ ಪುಸ್ತಕಗಳಿದ್ದವು. ಅವುಗಳಲ್ಲೂ ಸಿಗದಿದ್ದರೆ ನಮ್ಮ ಓಣಿಯಲ್ಲೇ ಬಾಡಿಗೆಗೆ ಇದ್ದ ಹೈಸ್ಕೂಲಿನ ವಿಜ್ಞಾನದ ಮಾಸ್ತರರು ಇದ್ದರು. ಅವರು ಪಾಪ, ಉಣ್ಣುತ್ತಿದ್ದರೂ ಎದ್ದು ಬಂದು ತೀರ್ಪು ಕೊಡುತ್ತಿದ್ದರು.

ಮೊದಮೊದಲು ಈ ಆಟ ಅಣ್ಣತಮ್ಮಂದಿರದ್ದು ಮಾತ್ರ. ಅವ್ವ, ದೊಡ್ಡವ್ವ ಬಡಿಸುತ್ತ ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ದೊಡ್ಡವ್ವ ರೊಟ್ಟಿಯ ಬುಟ್ಟಿಯನ್ನು ಪಡಸಾಲೆಯ ನಡುವೆ ಇಟ್ಟು, ತಾನೂ ಒಂದು ತಾಟು ಹಾಕಿಕೊಂಡು ಗಂಡನ ಎದುರಿಗೆ ಕೂತುಬಿಟ್ಟಳು. "ನಾವೂ ಒಂದೊಂದು ಹೇಳ್ತೇವಿ. ನಿಂತು ಹೇಳಾಕ ಆಗಂಗಿಲ್ಲ," ಎಂದಳು. ಅವಳ ಹಿಂದೆ ಅವ್ವನೂ ಕೂತಳು. ಆವತ್ತಿನಿಂದ ನಮ್ಮ ಮನೆಯಲ್ಲಿ ಹೆಂಗಸರು ಗಂಡಸರು ಒಂದೇ ಸಾಲಿನಲ್ಲಿ ಉಣ್ಣತೊಡಗಿದರು. ಅದಕ್ಕೆ ಯಾರೂ ಭಾಷಣ ಮಾಡಲಿಲ್ಲ, ಯಾರೂ ಅಪ್ಪಣೆ ಕೊಡಲಿಲ್ಲ.

ಹೆಂಗಸರ ಪಕ್ಷಕ್ಕೆ ಸಂಗತಿ ಪೂರೈಸುವವಳು ನಾನು. ದೊಡ್ಡವ್ವನಿಗೆ ಓದಲು ಬರುತ್ತಿರಲಿಲ್ಲ, ಅವ್ವನಿಗೆ ಬಿಡುವಿರಲಿಲ್ಲ. ದೊಡ್ಡವ್ವ ನನ್ನ ತಲೆ ಬಾಚುತ್ತ ಬೇಡಿಕೆ ಇಡುತ್ತಿದ್ದಳು: "ಖರೇ ಇರಬೇಕು, ಆದ್ರ ಕೇಳಿದ ಕೂಡಲೇ ಸುಳ್ಳು ಅನಿಸಬೇಕು. ಅಂಥಾದ್ದೊಂದು ಹುಡುಕ್ಯಾಡಿ ತಾ ಗಿರಿಜಾ." ಆ ಬೇಡಿಕೆ ಪೂರೈಸಲೆಂದೇ ನಾನು ಶಾಲೆಯ ಕಪಾಟಿನ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದೆ. ಬಾಳೆ ಮರವಲ್ಲ, ದೊಡ್ಡದೊಂದು ಮೂಲಿಕೆ. ಬಿದಿರು ಹುಲ್ಲಿನ ಜಾತಿ. ಶುಕ್ರಗ್ರಹ ತನ್ನ ಸುತ್ತ ತಾನೇ ತಿರುಗುವ ಒಂದು ಸುತ್ತು ಅದರ ವರ್ಷಕ್ಕಿಂತ ಉದ್ದ. ಸೂರ್ಯ ಪಶ್ಚಿಮಕ್ಕೂ ಹುಟ್ಟುತ್ತಾನೆ ಎಂದು ದೊಡ್ಡವ್ವ ಹೇಳಿದಾಗ ದೊಡ್ಡಪ್ಪ ಹಿಂದೆಮುಂದೆ ನೋಡದೆ "ಸುಳ್ಳು!" ಎಂದು ತೊಡೆ ತಟ್ಟಿದ. ದೊಡ್ಡವ್ವ ಚಟ್ನಿ ಹಚ್ಚಿದ ತುತ್ತನ್ನು ನಿಧಾನವಾಗಿ ನುಂಗಿ, "ಶುಕ್ರನ ಮ್ಯಾಲೆ," ಎಂದಳು. ಅಪ್ಪ ನಗು ತಡೆಯಲಾರದೆ ನೆತ್ತಿಗೆ ಹತ್ತಿಸಿಕೊಂಡ.

ಒಮ್ಮೆ ದೊಡ್ಡಪ್ಪ, ಮೆಣಸಿನಕಾಯಿ ನಮ್ಮ ದೇಶದ್ದಲ್ಲ, ಪೋರ್ತುಗೀಸರ ಹಡಗಿನಲ್ಲಿ ಅಮೆರಿಕದ ಕಡೆಯಿಂದ ಬಂದದ್ದು ಎಂದ. ಬ್ಯಾಡಗಿಗೆ ಬಂಡಿಗಟ್ಟಲೆ ಮೆಣಸಿನಕಾಯಿ ಹೋಗುವ ನಮ್ಮ ಸೀಮೆಯಲ್ಲಿ ಕೂತು ಆಡುವ ಮಾತೇ ಇದು? ಅವ್ವ "ಸುಳ್ಳು" ಎಂದು ಸೋತಳು. ಶೇಂಗಾ, ಬಟಾಟೆ, ಟೊಮೆಟೊ, ಗೋವಿನಜೋಳ ಎಲ್ಲವೂ ಹಡಗಿನ ಗಿರಾಕಿಗಳೇ ಎಂದು ಮಾಸ್ತರರು ಸೇರಿಸಿದರು. ದೊಡ್ಡವ್ವ ಕೇಳಿದಳು: "ಹಂಗಾರ ಹಡಗ ಬರೋದಕ್ಕ ಮೊದಲ ನಮ್ಮ ಮಂದಿ ರೊಟ್ಟಿಗೆ ಏನ್ ಹಚ್ಚಿಗೊಂಡು ತಿಂತಿದ್ರು?" ಮರುದಿನ ಅವಳು ಹಡಗು ಬರುವ ಮೊದಲಿನ ಅಡುಗೆ ಮಾಡಿದಳು. ಕೆಂಪು ಚಟ್ನಿ ಇಲ್ಲ, ಶೇಂಗಾ ಹಿಂಡಿ ಇಲ್ಲ, ಕರಿಮೆಣಸು ಕುಟ್ಟಿ ಹಾಕಿದ ಹೆಸರುಕಾಳಿನ ಪಲ್ಯ, ಎಳ್ಳಿನ ಪುಡಿ, ಮೊಸರು. ರೊಟ್ಟಿ ಮುಗಿಯುವ ಹೊತ್ತಿಗೆ ದೊಡ್ಡಪ್ಪ ತಗ್ಗಿದ ದನಿಯಲ್ಲಿ, "ಹಡಗ ಬಂದದ್ದು ಚಲೋ ಆತು ಬಿಡು," ಎಂದ. ನನ್ನ ಬಾಲ್ಯದ ಊಟಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಆ ಖಾರವಿಲ್ಲದ ಊಟವೇ.

ಇಷ್ಟೆಲ್ಲ ಚೆಂದವಿದ್ದ ಮನೆಯನ್ನು ಒಡೆದದ್ದು ಒಂದು ಬಾಟಲಿ ಜೇನುತುಪ್ಪ.

ಆ ವರ್ಷ ಯುಗಾದಿಯ ಹೊತ್ತಿಗೆ ಹಾನಗಲ್ಲ ಕಡೆಯ ಕಾಡಿನಿಂದ ಜೇನು ಮಾರುವವರು ಬಂದಿದ್ದರು. ನನ್ನ ಕೆಮ್ಮಿಗೆಂದು ಅಪ್ಪ ಒಂದು ಬಾಟಲಿ ಕೊಂಡ. ಅಂದಿನ ಊಟದಲ್ಲಿ ಅದೇ ಅವನ ಸಂಗತಿಯಾಯಿತು. ಜೇನುತುಪ್ಪ ಎಂದೂ ಕೆಡುವುದಿಲ್ಲ, ಈಜಿಪ್ಟ್ ದೇಶದ ರಾಜರ ಗೋರಿಯೊಳಗೆ ಮೂರು ಸಾವಿರ ವರ್ಷದ ಜೇನು ಸಿಕ್ಕಿದೆ, ಇನ್ನೂ ತಿನ್ನುವ ಹಾಗಿತ್ತಂತೆ ಎಂದ.

"ಸುಳ್ಳು," ಎಂದ ದೊಡ್ಡಪ್ಪ. "ನಮ್ಮ ಬದುವಿನ ಬನ್ನಿಗಿಡದ ಜೇನು ನಾನ ಕೈಯಾರೆ ಬಿಡಿಸೇನಿ. ತಿಂಗಳದಾಗ ನೊರೆ ಬಂದು ಹುಳಿ ಆತು. ಕಣ್ಣಿಲೆ ನೋಡೇನಿ."

"ನೀ ಹಸಿ ಜೇನುತಟ್ಟಿ ಹಿಂಡಿರಬೇಕು ಅಣ್ಣಾ. ನೀರ ಇದ್ರ ಕೆಡತೈತಿ. ಪಕ್ವ ಆದ ಜೇನು ಕೆಡಂಗಿಲ್ಲ."

"ಗಿರಣ್ಯಾಗ ಕುಂತು ಹಿಟ್ಟು ಜಾಡಿಸಾಂವ ನನಗ ಜೇನು ಹಿಂಡೋದು ಕಲಿಸ್ತಿ?"

ಮಾತು ಅಲ್ಲಿಗೆ ನಿಲ್ಲಬೇಕಿತ್ತು. ಅಪ್ಪನ ಕೈಯಲ್ಲಿದ್ದ ರೊಟ್ಟಿಯ ತುಂಡು ತಾಟಿಗೆ ಬಿತ್ತು. "ಆ ಹಿಟ್ಟಿನ ಮ್ಯಾಲೇ ಈ ಮನಿ ನಡದೈತಿ," ಎಂದುಬಿಟ್ಟ. ಹೊಲದಲ್ಲಿ ಬಿಸಿಲು ಮಳೆ ಎನ್ನದೆ ದುಡಿಯುವ ಅಣ್ಣನಿಗೆ ಹೇಳಬಾರದ ಮಾತು ಅದು. ದೊಡ್ಡಪ್ಪ ಉಣ್ಣುವುದನ್ನು ಬಿಟ್ಟು ಎದ್ದ. ಅವನ ತಾಟಿನಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಅಂದು ಯಾರೂ ತಾಟು ತೊಳೆಯಲಿಲ್ಲ. ಬೆಳಿಗ್ಗೆ ನಾನು ಎದ್ದು ನೋಡಿದರೆ ಎಲ್ಲ ತಾಟುಗಳೂ ಪಲ್ಯ ಒಣಗಿಸಿಕೊಂಡು ಬಚ್ಚಲ ಬಾಯಲ್ಲಿ ಹಾಗೆಯೇ ಇದ್ದವು. ನನಗೆ ಅಳು ಬಂತು.

ಮಾಸ್ತರರನ್ನು ಕರೆತಂದದ್ದು ದೊಡ್ಡವ್ವ. ಅವರು ಎರಡೂ ಕಡೆ ಕೇಳಿ, ಇಬ್ಬರದೂ ಖರೇ ಎಂದರು. ನೀರಿನಂಶ ಉಳಿದ ಜೇನು ಹುಳಿಯುತ್ತದೆ, ಗೂಡಿನಲ್ಲೇ ಪಕ್ವವಾದದ್ದನ್ನು ಗಾಳಿಯಾಡದಂತೆ ಮುಚ್ಚಿಟ್ಟರೆ ಕೆಡುವುದಿಲ್ಲ. ತಿಳಿದವರು ಕೊಡಬಹುದಾದ ಸರಿಯಾದ ತೀರ್ಪು ಅದು. ಆದರೆ ಅದರಿಂದ ಯಾರ ಹೊಟ್ಟೆಯೂ ತಣ್ಣಗಾಗಲಿಲ್ಲ.

"ಇಬ್ಬರದೂ ಖರೇ ಅಂದ್ರ ತಾಟು ಯಾರು ತೊಳಿಬೇಕ್ರಿ ಮಾಸ್ತರ?" ಎಂದಳು ದೊಡ್ಡವ್ವ.

ಕೊನೆಗೆ ಪರೀಕ್ಷೆ ಮಾಡಿಯೇ ನೋಡುವುದೆಂದು ಆಯಿತು. ಬಾಟಲಿಯ ಬಾಯಿ ಮುಚ್ಚಿ ಮೇಣ ಹಚ್ಚಿದರು. ಮೇಣ ಬಿಸಿಯಿರುವಾಗಲೇ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದೆ ತಮ್ಮ ತಮ್ಮ ಹೆಬ್ಬೆರಳು ಒತ್ತಿದರು. ಬರುವ ಯುಗಾದಿಗೆ ತೆಗೆದು ನೋಡುವುದು. ಬಾಟಲಿ ಪಡಸಾಲೆಯ ಹಲಗೆಯ ಮೇಲೆ ಕೂತಿತು.

ಅಲ್ಲಿಂದ ಇಬ್ಬರ ನಡುವೆ ಮಾತು ನಿಂತಿತು. "ಗಿರಿಜಾ, ಎತ್ತಿಗೆ ನೀರ ಕುಡಿಸ್ಯಾರೇನು ಕೇಳು," ಎಂದು ಅಪ್ಪ ಎದುರಿಗೇ ಕೂತ ಅಣ್ಣನಿಗೆ ನನ್ನ ಮೂಲಕ ಹೇಳಿ ಕಳಿಸುತ್ತಿದ್ದ. ನಾನು ಎರಡು ಹೆಜ್ಜೆ ಇಟ್ಟು ಕೇಳಿ, ಎರಡು ಹೆಜ್ಜೆ ಹಿಂದಿರುಗಿ ಹೇಳುತ್ತಿದ್ದೆ. ನಗು ಬರುವಂಥದ್ದೇ, ಆದರೆ ಯಾರೂ ನಗುತ್ತಿರಲಿಲ್ಲ. ಮುಂಗಾರಿನ ಬಿತ್ತನೆ ಮುಗಿಯುವಷ್ಟರಲ್ಲಿ ಬೇರೆಯಾಗುವ ಮಾತು ಬಂತು. ಹಿರಿಯರು ಕೂತರು, ಎದ್ದರು. ಪಡಸಾಲೆಯ ನಡುವೆ ಗೋಡೆ ಹಾಕಿ, ಕಾಳಿನ ಕೋಣೆಯನ್ನು ದೊಡ್ಡವ್ವನ ಅಡುಗೆಮನೆ ಮಾಡುವುದೆಂದು ತೀರ್ಮಾನವಾಯಿತು.

ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ನನ್ನ ತಮ್ಮ ಹುಟ್ಟಿದಂದಿನಿಂದ ನಾನು ಅವಳ ಮಗ್ಗುಲಲ್ಲೇ ಮಲಗಿದವಳು, ಅವಳ ತಾಟಿನಲ್ಲೇ ಉಂಡವಳು. ನನ್ನ ಹಾಸಿಗೆ ಗೋಡೆಯ ಯಾವ ಕಡೆ ಬರುತ್ತದೆ ಎಂದು ಆ ಹಿರಿಯರಲ್ಲಿ ಒಬ್ಬರೂ ಕೇಳಲಿಲ್ಲ. ಎತ್ತು, ಬಂಡಿ, ಬಾವಿಯ ಪಾಳಿ, ಎಲ್ಲದರ ಮಾತೂ ಬಂತು, ನನ್ನ ಮಾತು ಬರಲಿಲ್ಲ. ಅಪ್ಪನೇ ಕೊನೆಗೆ, "ನಿನ್ನ ಹಾಸಿಗಿ ಈಕಡೆ," ಎಂದ. ದೊಡ್ಡವ್ವ ನನ್ನ ಕೌದಿಯನ್ನು ಮಡಿಚಿ ಅವ್ವನ ಕೈಗೆ ಕೊಟ್ಟು ಹಿತ್ತಲಿಗೆ ಹೋದಳು.

ಗೋಡೆ ಕಟ್ಟಲು ಬಂದವನು ಗೌಂಡಿ ಇಮಾಮಸಾಬ. ಗೋಡೆ ಅರ್ಧ ಎತ್ತರ ಏರಿದಾಗ ಬಾಟಲಿಯ ಪ್ರಶ್ನೆ ಎದ್ದಿತು. ಅದು ಯಾರ ಪಾಲಿಗೆ? ನಮ್ಮ ಕಡೆ ಇದ್ದರೆ ಅಪ್ಪ ಒಳಗಿಂದೊಳಗೆ ಹೊಸ ಜೇನು ತುಂಬಿಸಿಟ್ಟಾನು ಎಂಬ ಅನುಮಾನ ದೊಡ್ಡಪ್ಪನಿಗೆ. ಅವರ ಕಡೆ ಇದ್ದರೆ ಅಣ್ಣ ಒಂದು ಹನಿ ನೀರು ಬಿಟ್ಟಾನು ಎಂಬ ಅನುಮಾನ ಅಪ್ಪನಿಗೆ. ಹೆಬ್ಬೆರಳಿನ ಗುರುತಿದ್ದರೂ ಯಾರಿಗೂ ನಂಬಿಕೆಯಿಲ್ಲ. ಹೊಲ ಮನೆ ಹಂಚಿಕೊಂಡವರಿಗೆ ಒಂದು ಬಾಟಲಿ ಹಂಚಲಾಗದೆ ಕೆಲಸ ನಿಂತಿತು. ಇಮಾಮಸಾಬನೇ ದಾರಿ ತೆಗೆದ.

"ನಡುವ ಒಂದು ಗೂಡ ಬಿಡ್ತೇನ್ರಿ. ಆರಪಾರ. ಬಾಟ್ಲಿ ಆಕಡಿಗೂ ಕಾಣತೈತಿ, ಈಕಡಿಗೂ ಕಾಣತೈತಿ. ಯುಗಾದಿಗೆ ಬಾಟ್ಲಿ ತಗದ ಕೂಡಲೇ ಬಂದು ಮುಚ್ಚಿ ಕೊಡ್ತೇನಿ."

ಇಬ್ಬರೂ ಒಪ್ಪಿದರು. ಗಂಡಸರು ಅತ್ತ ಹೋಗುತ್ತಲೇ ದೊಡ್ಡವ್ವ ಮನೆಯ ಎಲ್ಲಕ್ಕಿಂತ ದೊಡ್ಡ ತಾಟನ್ನು ಸೆರಗಿನಲ್ಲಿ ಒರೆಸುತ್ತ ಗೌಂಡಿಯ ಮುಂದೆ ಬಂದು ನಿಂತಳು.

"ಗೂಡಿನಾಗ ಇದು ಹಿಡಿಸಬೇಕು ನೋಡು ಇಮಾಮಸಾಬ."

"ಬಾಟ್ಲಿ ಇಡಾಕ ತಾಟಿನಷ್ಟು ಗೂಡ ಯಾಕ್ರಿ ನೀಲಕ್ಕಾ?"

"ಬಾಟ್ಲಿಗೆ ಗಾಳಿ ಬ್ಯಾಡೇನು?"

"ಮೇಣ ಹಚ್ಚಿದ ಬಾಟ್ಲಿಗೆ ಗಾಳಿ ಏನ್ ಮಾಡೀತ್ರಿ?"

"ನೀ ಗೌಂಡಿಯೇನು, ಮಾಸ್ತರೇನು?"

ಇಮಾಮಸಾಬ ಒಮ್ಮೆ ಅವಳ ಮುಖ ನೋಡಿದ, ಒಮ್ಮೆ ಕೌದಿ ಅಪ್ಪಿಕೊಂಡು ಬಾಗಿಲಲ್ಲಿ ನಿಂತಿದ್ದ ನನ್ನ ಮುಖ ನೋಡಿದ. ತಾಟನ್ನು ಇಸಿದುಕೊಂಡು ಗೋಡೆಗೆ ಹಿಡಿದು ಅಳತೆ ಮಾಡಿಕೊಂಡ. ಗೋಡೆ ಮುಗಿದಾಗ ಎದೆಮಟ್ಟದಲ್ಲಿ ಕಿಟಕಿಯಂಥ ಗೂಡು, ಅದರ ಒಂದು ಮೂಲೆಯಲ್ಲಿ ಬಡಪಾಯಿ ಬಾಟಲಿ. ಇಷ್ಟು ದೊಡ್ಡದೇಕೆ ಎಂದು ಅಪ್ಪ ಕೇಳಿದ್ದಕ್ಕೆ, ಗೋಡೆಗೆ ಭಾರ ಕಡಿಮೆಯಾಗಲಿ ಎಂದು ಇಮಾಮಸಾಬ ಏನೋ ಹೇಳಿ ಸುಣ್ಣ ಬಳಿದ.

ಆ ಗೂಡಿನಿಂದ ನಮ್ಮ ಸಂಸಾರ ನಡೆಯಿತು. ಗಂಡಸರು ಹೊರಬಿದ್ದರೆ ಸಾಕು, ಅತ್ತಣಿಂದ ಇತ್ತ ಕಡಲೆಹಿಟ್ಟಿನ ಜುಣಕದ ವಡೆ ಬರುತ್ತಿತ್ತು, ಇತ್ತಣಿಂದ ಅತ್ತ ಕೆನೆಮೊಸರು ಹೋಗುತ್ತಿತ್ತು. ಹಿಟ್ಟಿನ ಜರಡಿ, ಇಸ್ತ್ರಿಪೆಟ್ಟಿಗೆ, ಕಡೆಗೆ ನನ್ನ ತಮ್ಮನೂ ಆ ದಾರಿಯಲ್ಲೇ ಓಡಾಡಿದ. ದಿನಾ ಬೆಳಿಗ್ಗೆ ನಾನು ನಮ್ಮ ಕಡೆ ಕಾಳಿನ ಡಬ್ಬಿಯ ಮೇಲೆ ಹತ್ತಿ, ಗೂಡಿಗೆ ಬೆನ್ನು ಮಾಡಿ ಕೂರುತ್ತಿದ್ದೆ. ಅತ್ತಣಿಂದ ದೊಡ್ಡವ್ವನ ಕೈಗಳು ಬಂದು ನನ್ನ ಎರಡು ಜಡೆ ಹೆಣೆದು ರಿಬ್ಬನ್ನು ಕಟ್ಟುತ್ತಿದ್ದವು. ಕಿವಿಯ ಪಕ್ಕದಲ್ಲೇ ಬಾಟಲಿ. ಒಂದು ದಿನ ಗಿರಣಿಯ ಬೀಗದಕೈ ಮರೆತು ಒಳಗೆ ಬಂದ ಅಪ್ಪ ಇದನ್ನು ನೋಡಿದ. ಗೋಡೆಯಿಂದ ಬಂದ ಎರಡು ಕೈ ತನ್ನ ಮಗಳ ತಲೆ ಬಾಚುವುದನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತು, ಬೀಗದಕೈ ತೆಗೆದುಕೊಂಡು ಹೋದ. ಅಂದಿನಿಂದ ಆ ಹೊತ್ತಿಗೆ ಅವನು ಒಳಗೆ ಬರುವುದನ್ನೇ ಬಿಟ್ಟ.

ನಾನು ಮಾತ್ರ ಯುಗಾದಿಯನ್ನು ನೆನೆದರೆ ಹೆದರುತ್ತಿದ್ದೆ. ಬೇರೆ ಮಕ್ಕಳು ಹೋಳಿಗೆಗೆ ಕಾಯುವ ಹಬ್ಬ ನನಗೆ ಗೂಡು ಮುಚ್ಚುವ ಹಬ್ಬವಾಗಿತ್ತು. ಯಾರು ಗೆದ್ದರೂ ಬಾಟಲಿ ಹೊರಬರುತ್ತದೆ, ಇಮಾಮಸಾಬ ಬರುತ್ತಾನೆ, ದೊಡ್ಡವ್ವನ ಕೈ ನನಗೆ ಸಿಗುವುದಿಲ್ಲ. ಬಾಟಲಿಯ ಜೇನು ಕೆಡಲಿ ಎಂದು ಬೇಡಿಕೊಳ್ಳಬೇಕೋ, ಕೆಡದಿರಲಿ ಎಂದು ಬೇಡಿಕೊಳ್ಳಬೇಕೋ ತಿಳಿಯದೆ ಯಾವ ದೇವರಿಗೂ ಹರಕೆ ಹೊರಲಿಲ್ಲ.

ಚಳಿ ಬಂತು. ಒಂದು ಬೆಳಿಗ್ಗೆ ಅತ್ತಣಿಂದ ದೊಡ್ಡಪ್ಪನ ಗದ್ದಲ ಕೇಳಿಸಿತು. "ಕೆಟ್ಟಿತು! ಕೆಟ್ಟಿತು! ನೀಲವ್ವಾ, ಬಾ ಇಲ್ಲೆ, ತಳದಾಗೆಲ್ಲಾ ಬೆಳ್ಳಗ ಗಟ್ಟಿ ಆಗೈತಿ!" ಅವನು ಕೂಗಿದ್ದು ಹೆಂಡತಿಗೆ. ಆದರೆ ಹಲ್ಲುಜ್ಜುತ್ತಿದ್ದ ಅಪ್ಪ ಬಾಯಿ ಮುಕ್ಕಳಿಸುವುದನ್ನೂ ಮರೆತು ಗೂಡಿಗೆ ಧಾವಿಸಿದ.

"ಕೆಟ್ಟಿಲ್ಲ! ಹರಳು ಆಗೈತಿ. ಥಂಡಿಗೆ ಸಕ್ಕರಿ ಬ್ಯಾರೆ ಆಗತೈತಿ."

"ಹರಳಂತ ಹರಳು! ಬೂಸ್ಟು ಅದು!"

"ಬೂಸ್ಟು ಮ್ಯಾಲೆ ಬರತೈತಿ ಅಣ್ಣಾ, ತಳದಾಗ ಹೆಂಗ ಬಂದೀತು? ಬಿಸಿಲಿಗೆ ಇಡು, ಕರಗತೈತಿ."

"ಬಿಸಿಲಿಗೆ ಇಡಾಕ ತಗದ್ರ ಕರಾರ ಮುರಿತೈತಿ, ಶಾಣ್ಯಾ ಅದಿ!"

ಗೂಡಿನ ಎರಡೂ ಕಡೆ ಎರಡು ತಲೆ, ನಡುವೆ ಬಾಟಲಿ. ಬಿಸಿಲು ಅಂಗಳಕ್ಕೆ ಇಳಿಯುವವರೆಗೆ ಜಗಳವಾಡಿದರು. ಗಿರಣಿಯ ಮುಂದೆ ಜನ ಬುಟ್ಟಿ ಇಟ್ಟುಕೊಂಡು ಕಾಯುತ್ತಿದ್ದರು. ಎಷ್ಟೋ ತಿಂಗಳ ಮೇಲೆ ತಾವು ಒಬ್ಬರಿಗೊಬ್ಬರು ಮಾತಾಡಿದ್ದು ಆಮೇಲೆ ಒಮ್ಮೆಲೇ ಅವರ ಲಕ್ಷ್ಯಕ್ಕೆ ಬಂದಿರಬೇಕು. ಅಪ್ಪ ಬೇವಿನಕಡ್ಡಿಯನ್ನು ಮತ್ತೆ ಬಾಯಿಗಿಟ್ಟುಕೊಂಡ. ದೊಡ್ಡಪ್ಪ ಟೊಪ್ಪಿಗೆ ಸರಿಮಾಡಿಕೊಂಡ. ಒಲೆಯ ಮುಂದಿದ್ದ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಹೊಗೆ ಎಂದಳು.

ಅದಾದ ಮೇಲೆ ಊಟದ ಹೊತ್ತಿಗೆ ಅತ್ತಣಿಂದ ಒಂದೊಂದು ಸಂಗತಿ ಗೂಡು ದಾಟಿ ಬರತೊಡಗಿತು. ಹಾವಿಗೆ ಹೊರಗೆ ಕಿವಿಯಿಲ್ಲ, ನೆಲದ ಅದುರು ದವಡೆಯಿಂದ ತಿಳಿಯುತ್ತದೆ ಎಂದು ದೊಡ್ಡಪ್ಪ ಗೋಡೆಗೆ ಹೇಳುತ್ತಿದ್ದ. ಸುಳ್ಳು ಎಂದು ಅಪ್ಪ ಗೋಡೆಗೆ ಹೇಳುತ್ತಿದ್ದ. ಆದರೂ ಕರಾರು ಕರಾರೇ. ಸೋಲೊಪ್ಪಲು ಇಬ್ಬರಿಗೂ ಮನಸ್ಸಿಲ್ಲ, ನಾನೇ ಬಿಟ್ಟುಕೊಟ್ಟೆ ಎನಿಸಿಕೊಳ್ಳಲು ಇಬ್ಬರಿಗೂ ನಾಚಿಕೆ. ಯುಗಾದಿಯ ದಿನ ಬೇವುಬೆಲ್ಲ ತಿಂದು ಮುಗಿಸುವಷ್ಟರಲ್ಲಿ ಇಮಾಮಸಾಬ ಕರಣೆ, ಕಲಸಿದ ಮಣ್ಣು, ಇಟ್ಟಿಗೆಗಳೊಂದಿಗೆ ಬಂದು ಬಾಗಿಲಲ್ಲಿ ನಿಂತ. ಅವನ ಮುಖದಲ್ಲೂ ಕಳೆಯಿರಲಿಲ್ಲ.

ಎಲ್ಲರೂ ನಮ್ಮ ಕಡೆಯ ಪಡಸಾಲೆಯಲ್ಲಿ ಸೇರಿದರು. ಅಪ್ಪ ಮೇಣ ಕೆರೆಯಲು ಚಾಕು ಹಿಡಿದ. ದೊಡ್ಡವ್ವ ನನ್ನ ಹೆಗಲ ಮೇಲೆ ಕೈಯಿಟ್ಟಿದ್ದಳು. ನನ್ನ ಬಾಯಿಂದ ಮಾತು ಹೇಗೆ ಹೊರಟಿತೋ ನನಗೇ ಗೊತ್ತಿಲ್ಲ.

"ಅಪ್ಪಾ, ಆ ಗೋರ್ಯಾಗಿನ ಜೇನು ಎಷ್ಟು ವರ್ಷದ್ದಂದಿ?"

"ಮೂರು ಸಾವಿರ."

"ನಮ್ಮದು ಒಂದು ವರ್ಷದ್ದು. ಇವತ್ತ ತಗದು ಚಲೋ ಇದ್ರ, ಒಂದು ವರ್ಷ ಕೆಡಂಗಿಲ್ಲ ಅಂತ ಆಗತೈತಿ. ಎಂದೂ ಕೆಡಂಗಿಲ್ಲ ಅಂತ ಹೆಂಗ ಆಗತೈತಿ?"

ಅಪ್ಪನ ಚಾಕು ನಿಂತಿತು. ನಾನು ದೊಡ್ಡಪ್ಪನ ಕಡೆ ತಿರುಗಿದೆ. "ದೊಡ್ಡಪ್ಪಾ, ಇವತ್ತ ಕೆಟ್ಟಿಲ್ಲ ಅಂದ್ರ ನೀ ಸೋತಂಗೇನು? ಮುಂದಿನ ವರ್ಷ ಕೆಟ್ರ?"

ದೊಡ್ಡಪ್ಪ ಮೀಸೆಯ ತುದಿ ತಿರುವುತ್ತ ಬಹಳ ಯೋಚಿಸಿದವನಂತೆ ಮಾಡಿ, "ಹುಡುಗಿ ಹೇಳೋದ್ರಾಗ ಸುಳ್ಳಿಲ್ಲ," ಎಂದ. ಅಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಸುಳ್ಳು ಅನ್ನಾಕ ನನಗೂ ಬರಂಗಿಲ್ಲ," ಎಂದ. ಬಾಟಲಿಯನ್ನು ಗೂಡಿನಲ್ಲಿ ಇದ್ದಲ್ಲೇ ಇಟ್ಟ.

"ಹಂಗಾರ ನಾ ಮೂರು ಸಾವಿರ ವರ್ಷ ಬಿಟ್ಟು ಬರ್ಲೇನ್ರಿ?" ಎಂದ ಇಮಾಮಸಾಬ.

ಎಲ್ಲರಿಗಿಂತ ಮೊದಲು ನಕ್ಕವಳು ಅವ್ವ. ಆಮೇಲೆ ಆ ಮನೆಯಲ್ಲಿ ಎದ್ದ ನಗು ಓಣಿಗೆಲ್ಲ ಕೇಳಿಸಿತು. ಇಮಾಮಸಾಬನನ್ನು ಹೋಳಿಗೆ ಉಣಿಸದೆ ಬಿಡಲಿಲ್ಲ. ಅವನ ತಾಟನ್ನು ದೊಡ್ಡಪ್ಪ ತೊಳೆದನೋ ಅಪ್ಪ ತೊಳೆದನೋ ನೆನಪಿಲ್ಲ, ಹೆಂಗಸರಂತೂ ತೊಳೆಯಲಿಲ್ಲ.

ನನ್ನ ಮಾತಿಗೆ ದೊಡ್ಡವರು ಕಿವಿಗೊಟ್ಟದ್ದು ಅಂದೇ ಮೊದಲು. ಮುಂದೆ ಶಿಗ್ಗಾಂವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ ಇಡೀ ಆಯುಷ್ಯ ಕಳೆದೆ. ಆ ವೃತ್ತಿಗೆ ನಾನು ಬಂದದ್ದು ಯಾವ ಪುಸ್ತಕದಿಂದಲೂ ಅಲ್ಲ, ಆ ಯುಗಾದಿಯ ಬೆಳಿಗ್ಗೆಯಿಂದ. ಮಕ್ಕಳು ಏನಾದರೂ ಹೇಳಿದರೆ ಹೇಗೆ ಗೊತ್ತು, ಎಷ್ಟು ದಿನ ನೋಡಿದೆ ಎಂದು ಕೇಳುವ ನನ್ನ ಅಭ್ಯಾಸಕ್ಕೆ ಅವರು ಬೇಸತ್ತು ಹೋಗುತ್ತಿದ್ದರು. ಈಜಿಪ್ಟಿನ ಆ ಗೋರಿಯ ಕಥೆ ಎಷ್ಟರಮಟ್ಟಿಗೆ ಖರೇ ಎಂಬ ಬಗ್ಗೆ ನನಗೀಗ ಅನುಮಾನವಿದೆ. ಅದನ್ನು ಮನೆಯಲ್ಲಿ ಮಾತ್ರ ಎಂದೂ ಬಾಯಿಬಿಟ್ಟು ಹೇಳಲಿಲ್ಲ.

ಪ್ರತಿ ಯುಗಾದಿಗೂ ಅಣ್ಣತಮ್ಮಂದಿರು ಗೂಡಿನ ಎರಡೂ ಕಡೆ ನಿಂತು ಬಾಟಲಿ ನೋಡುತ್ತಿದ್ದರು. "ಈ ವರ್ಷ ಬ್ಯಾಡ," ಎಂದು ಒಬ್ಬರು ಹೇಳುತ್ತಿದ್ದರು, "ಆತು," ಎಂದು ಇನ್ನೊಬ್ಬರು. ಗೋಡೆ ಬೀಳಿಸುವ ಮಾತನ್ನು ಯಾರೂ ಎತ್ತಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಸೋತವನ ಕಡೆಗೆ ಎರಡೂ ಮನೆಯ ತಾಟುಗಳು ಗೂಡಿನಿಂದ ಹೋಗುತ್ತಿದ್ದವು. ತಾಟುಗಳು ಉಜ್ಜಿ ಉಜ್ಜಿ ಗೂಡಿನ ಕೆಳಅಂಚು ಕಲ್ಲಿನ ಹೊಸ್ತಿಲಿನಂತೆ ನುಣುಪಾಗಿದೆ. ಅಪ್ಪನ ಗಿರಣಿಯನ್ನು ಈಗ ತಮ್ಮ ನಡೆಸುತ್ತಾನೆ.

ಈ ಸಲದ ಯುಗಾದಿಗೆ ನಾನು ಊರಿಗೆ ಹೋದಾಗ ದೊಡ್ಡಪ್ಪ ಹಾಸಿಗೆ ಹಿಡಿದಿದ್ದ. ಸೊಂಟದ ಶಕ್ತಿ ಹೋಗಿತ್ತು, ನಾಲಿಗೆಯ ಶಕ್ತಿ ಹೋಗಿರಲಿಲ್ಲ. ಮಂಚವನ್ನು ಗೂಡಿನ ಕೆಳಗೇ ಹಾಕಿಸಿಕೊಂಡಿದ್ದ. ಎಲ್ಲರ ಊಟವೂ ಅವನ ಕಡೆಯ ಪಡಸಾಲೆಯಲ್ಲೇ ಆಯಿತು. ಉಂಡಾದ ಮೇಲೆ ಅವನು ನನ್ನನ್ನು ಕರೆದ.

"ಗಿರಿಜಾ, ಬಾಟ್ಲಿ ತಗೀ. ನಾ ಇರೂದ್ರಾಗ ಒಂದು ತೀರ್ಮಾನ ಆಗ್ಲಿ."

ಅಪ್ಪನ ಮುಖ ಸಣ್ಣದಾಯಿತು. ಬೇಡ ಅಣ್ಣ ಎಂದ, ಅವಸರ ಏನೈತಿ ಎಂದ. ನನ್ನ ತಮ್ಮನ ಮಗಳು ಸಿಂಚನಾ ಪಕ್ಕದಲ್ಲೇ ಇದ್ದಳು. "ಅಜ್ಜಾ, ಫೋನಿನಾಗ ನೋಡಿ ಹೇಳ್ಲೇನು? ಒಂದು ನಿಮಿಷದ ಕೆಲಸ," ಎಂದಳು.

"ಬ್ಯಾಡ!" ಎಂದು ಅಣ್ಣತಮ್ಮಂದಿರು ಒಂದೇ ಉಸಿರಿಗೆ ಕೂಗಿದರು.

ಮೇಣ ಕಲ್ಲಾಗಿತ್ತು. ಎರಡು ಹೆಬ್ಬೆರಳಿನ ಗುರುತುಗಳು ಇನ್ನೂ ಇದ್ದವು. ನಾನು ಅವುಗಳನ್ನು ಉಳಿಸಿಕೊಂಡು ಅಂಚಿನಲ್ಲಷ್ಟೇ ಕೆರೆದು ಮುಚ್ಚಳ ತೆಗೆದೆ. ಒಳಗಿನದು ಕಪ್ಪು ಬೆಲ್ಲದ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಚಮಚದ ತುದಿಯಷ್ಟು ದೊಡ್ಡಪ್ಪನ ನಾಲಿಗೆಗೆ ಹಚ್ಚಿದೆ. ಅವನು ಕಣ್ಣು ಮುಚ್ಚಿ ಬಹಳ ಹೊತ್ತು ಚಪ್ಪರಿಸಿದ.

"ಹುಳಿ," ಎಂದ. "ಕೆಟ್ಟೈತಿ."

ಚಮಚ ಅಪ್ಪನ ಕೈಗೆ ಹೋಯಿತು. ಅಪ್ಪ ನೆಕ್ಕಿದ. ನಾನು ಮುಚ್ಚಳಕ್ಕೆ ಅಂಟಿದ್ದನ್ನು ಬೆರಳಿನಿಂದ ತೆಗೆದು ಬಾಯಿಗಿಟ್ಟುಕೊಂಡೆ. ತುಸು ಸುಟ್ಟ ವಾಸನೆ, ಉಳಿದದ್ದೆಲ್ಲ ಸಿಹಿ. ಅಪ್ಪ ಸುಳ್ಳು ಎನ್ನಬೇಕಿತ್ತು. ಇಷ್ಟು ವರ್ಷ ಕಾದದ್ದು ಆ ಒಂದು ಮಾತಿಗಾಗಿ. ಅವನು ಅಣ್ಣನ ಒಣಗಿದ ತುಟಿ ನೋಡಿದ, ತುಟಿಯ ಮೇಲೆ ಹೊಳೆಯುತ್ತಿದ್ದ ಜೇನು ನೋಡಿದ.

"ಖರೇ ಅಣ್ಣಾ," ಎಂದ. "ಹುಳಿ ಆಗೈತಿ. ನಾ ಸೋತೆ."

ಎದ್ದು, ಎಲ್ಲರ ತಾಟುಗಳನ್ನು ಒಂದರ ಮೇಲೊಂದು ಪೇರಿಸಿ ಗೂಡಿನಿಂದ ನಮ್ಮ ಕಡೆ ದಾಟಿಸಿದ. ತಾನು ಸುತ್ತುಹಾಕಿ ಬಾಗಿಲಿನಿಂದ ಹೋದ. ಈ ವಯಸ್ಸಿನಲ್ಲಿ ಬಚ್ಚಲಕಲ್ಲಿನ ಮೇಲೆ ಕೂರುವುದು ಅವನಿಗೂ ಸುಲಭವಲ್ಲ. ಸ್ವಲ್ಪ ಹೊತ್ತಿಗೆ ಅತ್ತಣಿಂದ ತಾಟು ತಿಕ್ಕುವ ಸಪ್ಪಳ ಬಂತು. ದೊಡ್ಡಪ್ಪ ಅದನ್ನು ಹಾಡು ಕೇಳುವವನಂತೆ ಕೇಳುತ್ತ ಮಲಗಿದ್ದ. ಆಮೇಲೆ ದೊಡ್ಡವ್ವನ ಕಡೆ ಹೊರಳಿ, ದನಿ ತಗ್ಗಿಸಿದ್ದೇನೆ ಎಂದು ತಿಳಿದುಕೊಂಡು, ಕಿವಿ ಮಂದವಾದವರು ಆಡುವಷ್ಟು ಜೋರಾಗಿ ಹೇಳಿದ:

"ಸಕ್ಕರಿಗಿಂತ ಸಿಹಿ ಐತಿ ನೀಲವ್ವಾ. ಹುಚ್ಚಪ್ಪ, ಸುಳ್ಳು ಅನ್ನಲೇ ಇಲ್ಲ ನೋಡು."

ಗೂಡಿನಾಚೆ ತಾಟಿನ ಸಪ್ಪಳ ನಿಂತಿತು.

"ನನಗ ಕೇಳತೈತಿ ಅಣ್ಣಾ," ಎಂದ ಅಪ್ಪ.

ಸಪ್ಪಳ ಮತ್ತೆ ಶುರುವಾಯಿತು.